ಕಾರ್ಡು ಕೊಟ್ಟವರು, ಕಟ್ಟಡ ಕಟ್ಟಿದವರು: ಕರ್ನಾಟಕದ ಪಕ್ಷಗಳ ಆರೋಗ್ಯದ ಲೆಕ್ಕ

(ಆರು ಮಂದಿ ಓದುಗರ ನಡುವಿನ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಳೆಯ ಕಡತ

ಚುನಾವಣೆ ಬಂದಾಗಲೆಲ್ಲ ಪ್ರತಿಯೊಂದು ಪಕ್ಷವೂ ತನ್ನ ಆರೋಗ್ಯ ಯೋಜನೆಗಳ ಹೆಸರನ್ನು ಸಾಲಾಗಿ ಓದುತ್ತದೆ, ಎದುರಾಳಿಯ ಕಾಲದಲ್ಲಿ ನಡೆದ ದುರಂತಗಳನ್ನು ಅದರ ಮಗ್ಗುಲಲ್ಲಿ ಇಡುತ್ತದೆ. ತನ್ನ ಒಳ್ಳೆಯದನ್ನು ಮತ್ತೊಬ್ಬರ ಕೆಟ್ಟದ್ದರ ಎದುರು ತೂಗುವ ಈ ಕ್ರಮವನ್ನು ಹೋಲಿಕೆ ಎಂದು ಒಪ್ಪಲು ನನಗೆ ಸಾಧ್ಯವಾಗಿಲ್ಲ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ಮೊದಲ ಉತ್ತರ ಕೊಡಬೇಕಾದದ್ದು ಬೆಂಗಳೂರಿನಲ್ಲಿ ಅಧಿಕಾರ ನಡೆಸಿದವರು. 1999ರಿಂದ ಇಲ್ಲಿಯವರೆಗೆ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಒಂಟಿಯಾಗಿಯೋ ಜೊತೆಯಾಗಿಯೋ ಆಳಿವೆ. ಹಾಗಾಗಿ ಯಾರಿಗೂ ಅವಕಾಶ ಸಿಗಲಿಲ್ಲ ಎನ್ನುವ ನೆಪವಿಲ್ಲ.

ಒಂದು ಯೋಜನೆಯ ಕಥೆಯನ್ನು ಪೂರ್ತಿ ಹಿಡಿದು ನೋಡಿದರೆ ಉಳಿದವುಗಳ ಸ್ವಭಾವ ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ ಇದ್ದಾಗ, 2003ರಲ್ಲಿ, ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಎಂಬ ಆರೋಗ್ಯ ವಿಮೆ ಯೋಜನೆ ಜಾರಿಗೆ ಬಂತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಹುಟ್ಟಿದ ಆ ಯೋಜನೆಯಲ್ಲಿ ಒಬ್ಬ ಸದಸ್ಯ ವರ್ಷಕ್ಕೆ ಕಟ್ಟಬೇಕಾಗಿದ್ದದ್ದು 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಡೇರಿಯ ಕಾರ್ಯದರ್ಶಿ, ಕೃಷಿ ಪತ್ತಿನ ಸಂಘದ ಗುಮಾಸ್ತ ಮನೆಮನೆಗೆ ಹೋಗಿ ಹೆಸರು ಬರೆಸಿಕೊಂಡ ಕಾರಣಕ್ಕೆ ಅದು ಸರ್ಕಾರದ ಕಾಗದವಾಗಿ ಉಳಿಯದೆ ಊರಿನ ಮಾತಾಯಿತು. ನಂತರ ಬಂದ ಮೈತ್ರಿ ಸರ್ಕಾರಗಳೂ 2008ರ ಬಿಜೆಪಿ ಸರ್ಕಾರವೂ 2013ರ ಕಾಂಗ್ರೆಸ್ ಸರ್ಕಾರವೂ ಅದನ್ನು ನಡೆಸಿಕೊಂಡು ಬಂದವು.

2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಎಲ್ಲ ಯೋಜನೆಗಳನ್ನೂ ಒಂದೇ ಸೂರಿನಡಿ ತರುವ ಆರೋಗ್ಯ ಕರ್ನಾಟಕವನ್ನು ಆರಂಭಿಸಿತು. ಯಶಸ್ವಿನಿ ಅದರೊಳಗೆ ಲೀನವಾಯಿತು. ಮೇ ಕೊನೆಯಲ್ಲಿ ಪ್ರತ್ಯೇಕ ಯೋಜನೆ ನಿಂತಾಗ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ಬಂದಿತ್ತು. 2019ರಲ್ಲಿ ಬಂದ ಬಿಜೆಪಿ ಸರ್ಕಾರ ಮೂರು ವರ್ಷ ಸುಮ್ಮನಿದ್ದು, 2022-23ರ ಬಜೆಟ್‌ನಲ್ಲಿ ಬಸವರಾಜ ಬೊಮ್ಮಾಯಿಯವರ ಮೂಲಕ 300 ಕೋಟಿ ರೂಪಾಯಿ ತೆಗೆದಿಟ್ಟು ಅದನ್ನು ಮರಳಿ ತಂದಿತು. ನಿಲ್ಲಿಸಿದವರು ಯಾರು, ನಿಂತದ್ದನ್ನು ನೋಡುತ್ತ ಕುಳಿತವರು ಯಾರು, ಮರಳಿ ತಂದವರು ಯಾರು ಎಂದು ಕೇಳಿದರೆ ಮೂರು ಪಕ್ಷಗಳೂ ಉತ್ತರದಲ್ಲಿ ಬರುತ್ತವೆ. ಆ ನಾಲ್ಕು ವರ್ಷಗಳಲ್ಲಿ ಎಪಿಎಲ್ ಕಾರ್ಡು ಹೊಂದಿದ್ದ ಸಣ್ಣ ರೈತ ಎಲ್ಲಿಗೆ ಹೋಗಬೇಕಾಗಿತ್ತು? ಆರೋಗ್ಯ ಕರ್ನಾಟಕದಲ್ಲಿ ಅವನಿಗೆ ದೊರೆಯುತ್ತಿದ್ದದ್ದು ಚಿಕಿತ್ಸಾ ಮೊತ್ತದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಒಟ್ಟುಗೂಡಿಸುವುದು ಒಳ್ಳೆಯ ಆಡಳಿತವೇ. ಒಟ್ಟುಗೂಡಿಸುವಾಗ ಕೈಬಿಟ್ಟುಹೋದವರನ್ನು ಎಣಿಸದೆ ಇದ್ದದ್ದು ತಪ್ಪು.

ಈ ಹಿನ್ನೆಲೆಯಲ್ಲಿ ಯಾವ ಅಳತೆಗೋಲು ನ್ಯಾಯವಾದದ್ದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮಲಪ್ರಭಾ ದಂಡೆ

ನಾನು ಬಿಜೆಪಿಗೆ ಮತ ಹಾಕುವವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪಕ್ಷಾಭಿಮಾನವನ್ನು ಬದಿಗಿಟ್ಟರೂ 2008ರಿಂದ 2013ರ ಅವಧಿಯ ಎರಡು ಕೆಲಸಗಳನ್ನು ಯಾರೂ ತಳ್ಳಿಹಾಕಲಾರರು. ಮೊದಲನೆಯದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಆರಂಭವಾದ ಆರೋಗ್ಯ ಕವಚ 108 ಆಂಬುಲೆನ್ಸ್ ಸೇವೆ. ಅದಕ್ಕೂ ಮೊದಲು ಹಳ್ಳಿಯಲ್ಲಿ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಟ್ರ್ಯಾಕ್ಟರ್ ಇದ್ದವರ ಬಾಗಿಲು ಬಡಿಯಬೇಕಾಗಿತ್ತು. ಎರಡನೆಯದು 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯ ಮುಂತಾದ ದುಬಾರಿ ಚಿಕಿತ್ಸೆಗಳನ್ನು ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ನಗದಿಲ್ಲದೆ ಕೊಡಿಸಿದ ಯೋಜನೆ ಅದು.

ಇದು ಬಾಯಿಮಾತಲ್ಲ ಎಂಬುದಕ್ಕೆ ಸಾಕ್ಷಿಯಿದೆ. ಯೋಜನೆ ಮೊದಲು ಉತ್ತರದ ಜಿಲ್ಲೆಗಳಿಗೆ ಬಂದು ದಕ್ಷಿಣಕ್ಕೆ ತಡವಾಗಿ ಹೋದದ್ದರಿಂದ, ಈ ಎರಡು ಭಾಗಗಳ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಲು ಸಂಶೋಧಕರಿಗೆ ಅವಕಾಶ ದೊರೆಯಿತು. 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ ಅದರ ವ್ಯಾಪ್ತಿಯ ರೋಗಗಳಿಂದಾದ ಸಾವು ಶೇ 0.32, ಇಲ್ಲದ ಕಡೆ ಶೇ 0.90. ಆಸ್ಪತ್ರೆಗೆ ಕೈಯಿಂದ ತೆತ್ತ ಹಣವೂ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಭಾರತದಲ್ಲಿ ಯಾವುದೇ ಸರ್ಕಾರದ ಆರೋಗ್ಯ ವಿಮೆಗೆ ಸಾವನ್ನೇ ತಡೆದ ಇಂತಹ ಪುರಾವೆ ದೊರೆತದ್ದು ಬಹಳ ಅಪರೂಪ. ನಗರದ ಬಡವರಿಗೆ 2022ರ ಡಿಸೆಂಬರ್‌ನಲ್ಲಿ ಆರಂಭವಾದ ನಮ್ಮ ಕ್ಲಿನಿಕ್‌ಗಳನ್ನೂ ಇದಕ್ಕೆ ಸೇರಿಸಬೇಕು.

ಶರಾವತಿ ಕಣಿವೆ

ಆರೋಗ್ಯಶ್ರೀಯ ಅಧ್ಯಯನವನ್ನು ನಾನೂ ಗೌರವಿಸುತ್ತೇನೆ. ಆದರೆ ಆ ಫಲಕ್ಕೆ ಕಾರಣವಾದದ್ದರಲ್ಲಿ ಹಳ್ಳಿಗಳಲ್ಲಿ ನಡೆದ ತಪಾಸಣಾ ಶಿಬಿರಗಳ ಪಾತ್ರ ದೊಡ್ಡದು ಎಂಬುದನ್ನು ಮರೆಯಬಾರದು. ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗುವ ಬದಲು ಆಸ್ಪತ್ರೆಯವರೇ ರೋಗಿಯನ್ನು ಹುಡುಕಿಕೊಂಡು ಬಂದರು. ವಿಮೆಯ ಕಾಗದವೊಂದೇ ಜೀವ ಉಳಿಸುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು.

ಇನ್ನು ಕಾಂಗ್ರೆಸ್ಸಿನ ಕಡೆಯ ಲೆಕ್ಕ. ಆಶಾ ಕಾರ್ಯಕರ್ತೆಯರು, ಹೆರಿಗೆಗೆ ಪ್ರೋತ್ಸಾಹಧನ, ಇಪ್ಪತ್ನಾಲ್ಕು ತಾಸು ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರ, ಇವೆಲ್ಲ 2005ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ತಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೊಡುಗೆಗಳು. ರಾಜ್ಯದಲ್ಲಿ 108 ಓಡಿದ್ದರಲ್ಲಿಯೂ ಆ ಅಭಿಯಾನದ ಹಣವಿತ್ತು. 2016ರಲ್ಲಿ ಬಂದ ಹರೀಶ್ ಸಾಂತ್ವನ ಯೋಜನೆ, ರಾಜ್ಯದ ರಸ್ತೆಗಳಲ್ಲಿ ಅಪಘಾತಕ್ಕೀಡಾದ ಯಾರಿಗೇ ಆಗಲಿ, ಅವರು ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಹೊಣೆ ಹೊತ್ತಿತು. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆ ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಟ್ಟಿತು. ರಕ್ತಹೀನತೆಯಿಂದ ಸಾಯುವ ತಾಯಂದಿರ ನಾಡಿನಲ್ಲಿ ಅನ್ನವೂ ಔಷಧವೇ.

ಎಲ್ಲಕ್ಕಿಂತ ಹೆಚ್ಚಾಗಿ, ಖಾಸಗಿ ಆಸ್ಪತ್ರೆಗಳ ಕಡೆ ಕಣ್ಣೆತ್ತಿ ನೋಡುವ ಧೈರ್ಯ ತೋರಿದ್ದು 2017ರಲ್ಲಿ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ದರಕ್ಕೆ ಮಿತಿ, ರೋಗಿಯ ಹಕ್ಕು, ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ವ್ಯವಸ್ಥೆ ಇವುಗಳನ್ನು ಬರೆಯಹೊರಟರು.

ಹಳೆಯ ಕಡತ

ಬರೆಯಹೊರಟರು ಎಂಬ ಮಾತು ಸರಿಯಾಗಿದೆ, ಏಕೆಂದರೆ ಬರೆದು ಮುಗಿಸಿದ್ದು ಬೇರೆಯೇ ಆಗಿತ್ತು. ಆ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರಕ್ಕಿಳಿದರು, ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಮುಚ್ಚಿದವು, ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು, ಬೆಳಗಾವಿಯ ಅಧಿವೇಶನದಲ್ಲಿ ಕೊನೆಗೆ ಅಂಗೀಕಾರವಾದದ್ದು ಹಲ್ಲು ಕಿತ್ತ ಮಸೂದೆ. ವೈದ್ಯರಿಗೆ ಜೈಲು ಶಿಕ್ಷೆಯ ಕಲಮು ಹೋದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಎಲ್ಲ ಚಿಕಿತ್ಸೆಗಳಿಗೂ ದರದ ಮಿತಿ ಎಂಬ ಮೂಲ ಉದ್ದೇಶವೇ ಸರ್ಕಾರಿ ಯೋಜನೆಗಳ ಚಿಕಿತ್ಸೆಗಳಿಗೆ ಸೀಮಿತವಾದದ್ದು ನೋವಿನ ಸಂಗತಿ. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯಬಾರದು ಎಂಬ ನಿಯಮ ಉಳಿದದ್ದು ದೊಡ್ಡ ಸಮಾಧಾನ. ಯತ್ನಿಸಿದ ಸರ್ಕಾರಕ್ಕೆ ಅದರ ಗೌರವ ಸಲ್ಲಬೇಕು. ಅದರ ನಂತರ ಬಂದ ಯಾವ ಸರ್ಕಾರವೂ, ಅದೇ ಪಕ್ಷದ ಈಗಿನ ಸರ್ಕಾರವೂ ಸೇರಿ, ದರದ ಪ್ರಶ್ನೆಯನ್ನು ಮತ್ತೆ ಅಷ್ಟು ಗಟ್ಟಿಯಾಗಿ ಎತ್ತಲಿಲ್ಲ ಎಂಬುದನ್ನೂ ಅದರ ಜೊತೆಗೇ ಬರೆದಿಡಬೇಕು.

ಅಂಕಿಸಾಲು

ಯೋಜನೆಗಳ ಹೆಸರನ್ನು ಬಿಟ್ಟು ಫಲಿತಾಂಶವನ್ನು ನೋಡೋಣ. ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಲೆಕ್ಕ, ಆಯ್ದ ಪ್ರದೇಶಗಳ ಜನನ ಮರಣಗಳನ್ನು ಎಣಿಸುವ ಮಾದರಿ ನೋಂದಣಿ ವ್ಯವಸ್ಥೆಯಿಂದ ಸಿಗುತ್ತದೆ. ಕರ್ನಾಟಕದಲ್ಲಿ 2004-06ರಲ್ಲಿ 213, 2007-09ರಲ್ಲಿ 178, 2010-12ರಲ್ಲಿ 144, 2014-16ರಲ್ಲಿ 108, 2016-18ರಲ್ಲಿ 92, 2018-20ರಲ್ಲಿ 69. ಇದರ ಪಕ್ಕದಲ್ಲಿ ಮುಖ್ಯಮಂತ್ರಿಗಳ ಹೆಸರು ಬರೆದು ನೋಡಿ: ಧರ್ಮಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್, ಸಿದ್ದರಾಮಯ್ಯ, ಮತ್ತೆ ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ. ಸರ್ಕಾರಗಳು ಬೀಳುತ್ತಿದ್ದವು, ರಾಷ್ಟ್ರಪತಿ ಆಳ್ವಿಕೆಯೂ ಬಂದಿತ್ತು, ಆ ಗೆರೆ ಮಾತ್ರ ಒಂದೇ ಇಳಿಜಾರಿನಲ್ಲಿ ಇಳಿಯುತ್ತಲೇ ಹೋಯಿತು. ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದ ಆಶಾ ಕಾರ್ಯಕರ್ತೆ, ಕರೆತಂದ ಆಂಬುಲೆನ್ಸ್, ಹಿಡಿದ ದಾದಿ ಇವರ ಸಾಲು ಮುರಿಯದೆ ಇದ್ದದ್ದೇ ಅದಕ್ಕೆ ಕಾರಣ. ಒಂದು ಪಕ್ಷದ ಕೇಂದ್ರ ಸರ್ಕಾರ ಆರಂಭಿಸಿದ್ದಕ್ಕೆ ಇನ್ನೊಂದು ಪಕ್ಷದ ರಾಜ್ಯ ಸರ್ಕಾರ ವಾಹನ ಜೋಡಿಸಿತು. ಶ್ರೇಯವನ್ನು ಹಂಚಲು ಹೊರಟರೆ ಚೂರುಗಳು ಬಹಳ ಸಣ್ಣವಾಗುತ್ತವೆ.

ಹಾಗೆಂದು ಎಲ್ಲರಿಗೂ ಬೆನ್ನು ತಟ್ಟಿ ಕಳಿಸುವ ಮನಸ್ಸು ನನಗಿಲ್ಲ. ಅದೇ 2018-20ರಲ್ಲಿ ಕೇರಳದ ಸಂಖ್ಯೆ 19, ಮಹಾರಾಷ್ಟ್ರದ್ದು 33, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದ್ದು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಅತಿ ಹೆಚ್ಚು. ಶಿಶುಮರಣದ ಲೆಕ್ಕದಲ್ಲಿಯೂ 2020ರಲ್ಲಿ ಸಾವಿರ ಜನನಕ್ಕೆ ಕೇರಳ 6, ತಮಿಳುನಾಡು 13, ನಾವು 19. ತಂತ್ರಾಂಶಕ್ಕೂ ವೈದ್ಯಕೀಯ ಶಿಕ್ಷಣಕ್ಕೂ ಹೆಸರಾದ ರಾಜ್ಯ ತಾಯಿ ಮರಣದಲ್ಲಿ ದಕ್ಷಿಣದ ನೆರೆಹೊರೆಯವರೆಲ್ಲರ ಹಿಂದೆ ನಿಂತಿರುವುದು ಒಂದು ಪಕ್ಷದ ಸೋಲಲ್ಲ.

ತಮಿಳುನಾಡಿನಲ್ಲಿ ಡಿಎಂಕೆ ಮತ್ತು ಅಣ್ಣಾ ಡಿಎಂಕೆ ಎಷ್ಟೇ ಕಚ್ಚಾಡಿದರೂ, 1990ರ ದಶಕದ ಮಧ್ಯದಲ್ಲಿ ಸ್ಥಾಪನೆಯಾದ ಔಷಧ ಖರೀದಿ ನಿಗಮವನ್ನು ಇಬ್ಬರೂ ಮುರಿಯಲಿಲ್ಲ. 2009ರಲ್ಲಿ ಕರುಣಾನಿಧಿ ತಂದ ವಿಮೆಯನ್ನು ಜಯಲಲಿತಾ ಹೆಸರು ಬದಲಿಸಿ ವಿಸ್ತರಿಸಿದರು, ಸ್ಟಾಲಿನ್ ಅದನ್ನೇ ಮುಂದುವರಿಸಿದರು. ಅಲ್ಲಿಯೂ ಎಡವಟ್ಟುಗಳಿವೆ: 2020ರ ಕೊನೆಯಲ್ಲಿ ಆರಂಭವಾದ ಅಮ್ಮ ಮಿನಿ ಕ್ಲಿನಿಕ್‌ಗಳು ಸರ್ಕಾರ ಬದಲಾದ ಮೇಲೆ ಮುಚ್ಚಿದವು. ಆದರೂ ಬೆನ್ನೆಲುಬು ಅಲುಗಲಿಲ್ಲ.

ತಾಲ್ಲೂಕಿನ ದಾದಿ

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವಳು. ಯಾವ ಪಕ್ಷ ಬಂದಾಗ ಏನು ಬದಲಾಯಿತು ಎಂದು ಕೇಳಿದರೆ, ಗೋಡೆಯ ಮೇಲಿನ ಯೋಜನೆಯ ಫಲಕ ಬದಲಾಯಿತು ಎಂದು ಹೇಳುವುದು ನನಗೆ ಬಹಳ ನೋವಿನ ಮಾತು, ಆದರೆ ನಿಜ. ನಮ್ಮ ಕೊರತೆ ಯಾವತ್ತೂ ಒಂದೇ. ಹೆರಿಗೆ ತಜ್ಞೆ ಇದ್ದರೆ ಅರಿವಳಿಕೆ ತಜ್ಞ ಇರುವುದಿಲ್ಲ. ಇಬ್ಬರೂ ಇದ್ದರೆ ರಕ್ತ ಸಂಗ್ರಹ ಘಟಕದಲ್ಲಿ ರಕ್ತ ಇರುವುದಿಲ್ಲ. ಹೆರಿಗೆಯ ನಂತರ ರಕ್ತಸ್ರಾವ ಶುರುವಾದರೆ ನಮಗಿರುವ ಸಮಯ ಎರಡು ಗಂಟೆಗಿಂತ ಕಡಿಮೆ. ಜಿಲ್ಲಾ ಆಸ್ಪತ್ರೆಗೆ ಕಳಿಸುವ ಚೀಟಿ ಬರೆಯುವಾಗ ನನ್ನ ಕೈ ನಡುಗಿದ್ದು ಎಷ್ಟು ಸಲವೋ. ಆ ತಾಯಿಯ ಬಳಿ ಐದು ಲಕ್ಷದ ವಿಮೆಯ ಕಾರ್ಡು ಇರುತ್ತಿತ್ತು. ಆ ಹೊತ್ತಿಗೆ ಅವಳಿಗೆ ಬೇಕಾದದ್ದು ಎರಡು ಬಾಟಲಿ ರಕ್ತ ಮತ್ತು ಒಬ್ಬ ವೈದ್ಯರು.

ಗುತ್ತಿಗೆಯ ವಿಷಯ ಯಾರೂ ಎತ್ತಲಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬಂದ ದಾದಿಯರು, ಪ್ರಯೋಗಾಲಯ ತಂತ್ರಜ್ಞರು ವರ್ಷಗಟ್ಟಲೆ ಗುತ್ತಿಗೆಯಲ್ಲಿಯೇ ದುಡಿಯುತ್ತಾರೆ, ಪ್ರತಿ ವರ್ಷ ನವೀಕರಣಕ್ಕೆ ಕಾಯುತ್ತಾರೆ. ಆಶಾ ಕಾರ್ಯಕರ್ತೆಯರು ಕೋವಿಡ್ ನಡುವೆ, 2020ರ ಜುಲೈನಲ್ಲಿ, ಗೌರವಧನ ಹೆಚ್ಚಿಸಿ ಎಂದು ಮುಷ್ಕರ ಹೂಡಿದಾಗ ಬಿಜೆಪಿ ಸರ್ಕಾರವಿತ್ತು. ಅವರೇ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನಾಲ್ಕು ದಿನ ಮಲಗಿ ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದಾಗ ಕಾಂಗ್ರೆಸ್ ಸರ್ಕಾರವಿತ್ತು. ತಾಯಿ ಮರಣದ ಗೆರೆಯನ್ನು ಇಳಿಸಿದವರು ಇವರೇ ಎಂದು ಮೇಲೆ ಬರೆದಿದ್ದಾರೆ. ಅವರ ಸಂಬಳದ ಪ್ರಶ್ನೆಯಲ್ಲಿ ಎರಡು ಪಕ್ಷಗಳ ನಡುವೆ ನನಗೆ ಕಂಡ ವ್ಯತ್ಯಾಸ ಬಹಳ ಚಿಕ್ಕದು.

ಮಲಪ್ರಭಾ ದಂಡೆ

ದಾದಿಯವರ ಮಾತಿಗೆ ತಲೆಬಾಗುತ್ತೇನೆ. ವೈದ್ಯರ ಕೊರತೆಗೆ ಸಂಬಂಧಿಸಿ ಒಂದು ಅಂಶ ಸೇರಿಸುವೆ. ವೈದ್ಯಕೀಯ ಪದವಿ ಪಡೆದವರು ಒಂದು ವರ್ಷ ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆ 2012ರಲ್ಲಿ, ಬಿಜೆಪಿ ಕಾಲದಲ್ಲಿ, ರೂಪುಗೊಂಡಿತು. ಅದು ಜಾರಿಗೆ ಬರುವಷ್ಟರಲ್ಲಿ ವರ್ಷಗಳು ಕಳೆದವು, ನ್ಯಾಯಾಲಯದಲ್ಲಿ ಇನ್ನಷ್ಟು ವರ್ಷಗಳು ಹೋದವು. 2023ರಲ್ಲಿ ಈಗಿನ ಸರ್ಕಾರ ಖಾಲಿ ಹುದ್ದೆ ಇರುವಷ್ಟು ಮಂದಿಯನ್ನು ಮಾತ್ರ ನೇಮಿಸಿಕೊಂಡು ಉಳಿದವರಿಗೆ ವಿನಾಯಿತಿ ಕೊಡುವ ತಿದ್ದುಪಡಿ ತಂದಿತು. ಅಷ್ಟೊಂದು ವೈದ್ಯರು ಹೊರಬರುತ್ತಿರುವಾಗ ತಾಲ್ಲೂಕಿನಲ್ಲಿ ಅರಿವಳಿಕೆ ತಜ್ಞ ಸಿಗುವುದಿಲ್ಲ ಎಂದರೆ, ಸೀಟುಗಳ ಸಂಖ್ಯೆಯನ್ನು ಹೆಚ್ಚಿಸಿದ್ದಷ್ಟನ್ನೇ ಸಾಧನೆ ಎಂದು ಎಣಿಸುವ ಅಭ್ಯಾಸವನ್ನು ನಮ್ಮ ಪಕ್ಷವೂ ಬಿಡಬೇಕು.

ಕಲ್ಯಾಣದ ಓದುಗಿ

ಮೈಸೂರು, ಬೆಂಗಳೂರು ಕಡೆಯವರು ರಾಜ್ಯದ ಸರಾಸರಿಯನ್ನು ಹೇಳುವಾಗ ನಮಗೆ ಅದು ಯಾರದೋ ಊರಿನ ಸುದ್ದಿಯಂತೆ ಕೇಳುತ್ತದೆ. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗಲೇ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂಬುದು ಸರ್ಕಾರದ ಮೇಜಿನ ಮೇಲಿತ್ತು. ಅದರ ನಂತರ ಆಳಿದ ಎಲ್ಲರೂ ಆ ವರದಿಯನ್ನು ಭಾಷಣದಲ್ಲಿ ಉಲ್ಲೇಖಿಸಿದರು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದದ್ದು ಕಾಂಗ್ರೆಸ್ ನೇತೃತ್ವದ ಯುಪಿಎ ಕಾಲದಲ್ಲಿ, ಅದಕ್ಕಾಗಿ ಮಲ್ಲಿಕಾರ್ಜುನ ಖರ್ಗೆಯವರನ್ನು ನೆನೆಯುತ್ತೇವೆ. ಆದರೆ ಅದರಿಂದ ಹರಿದುಬಂದ ಹಣದಲ್ಲಿ ರಸ್ತೆ, ಭವನಗಳು ಮೊದಲು ಎದ್ದವು, ಆಸ್ಪತ್ರೆಗೆ ತಜ್ಞರು ಕೊನೆಗೆ ಬಂದರು, ಎಷ್ಟೋ ಕಡೆ ಬರಲೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾದ ದಿನ ನಾನು ನಿಜವಾಗಿ ಸಂತೋಷಪಟ್ಟೆ. ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುತ್ತಿದ್ದ ಸೀಮೆ ನಮ್ಮದು.

ಖಾಸಗಿ ಸಹಭಾಗಿತ್ವದ ಬಗ್ಗೆ ನಮ್ಮ ಕಡೆಗೆ ಹಳೆಯ ಅನುಭವವಿದೆ. ರಾಯಚೂರಿನಲ್ಲಿ ತೈಲ ರಾಷ್ಟ್ರಗಳ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ನಿರ್ವಹಣೆಯನ್ನು ಎಸ್.ಎಂ. ಕೃಷ್ಣ ಕಾಲದಲ್ಲಿ ಖಾಸಗಿ ಸಂಸ್ಥೆಗೆ ವಹಿಸಲಾಯಿತು. ಒಪ್ಪಂದ ಮುಗಿದು 2012ರಲ್ಲಿ ಅದು ಸರ್ಕಾರಕ್ಕೆ ಮರಳಿತು. ಬಡವರಿಗೆ ಎಷ್ಟು ಹಾಸಿಗೆ ಉಚಿತವಾಗಿ ಸಿಕ್ಕಿತು ಎಂಬ ಪ್ರಶ್ನೆ ಆಗ ಎದ್ದಿತ್ತು, ಅದಕ್ಕೆ ಸಮಾಧಾನದ ಉತ್ತರ ಬರಲಿಲ್ಲ. ಇಷ್ಟಾದ ಮೇಲೂ 2025ರಲ್ಲಿ ವಿಜಯಪುರದ ಜನ, ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು. ಎರಡು ದಶಕಗಳ ಅಂತರದಲ್ಲಿ ಒಂದೇ ಪಕ್ಷದ ಎರಡು ಸರ್ಕಾರಗಳು ಒಂದೇ ಆಲೋಚನೆಗೆ ಮರಳುವುದನ್ನು ನೋಡಿದರೆ, ಮೊದಲನೆಯ ಪ್ರಯೋಗದ ಫಲವನ್ನು ಯಾರೂ ಕುಳಿತು ಓದಲಿಲ್ಲವೇ ಎನಿಸುತ್ತದೆ.

ಶರಾವತಿ ಕಣಿವೆ

ಈ ಟೀಕೆಯನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕೋವಿಡ್ ಎರಡನೇ ಅಲೆಯನ್ನು ಬಿಟ್ಟು ಬಿಜೆಪಿಯ ಲೆಕ್ಕ ಪೂರ್ಣವಾಗುವುದಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಅಂದಿನ ಸಚಿವರು ಹೇಳಿದ್ದನ್ನು ಆ ಕುಟುಂಬಗಳು ಇಂದಿಗೂ ಮರೆತಿಲ್ಲ. ಸಾವನ್ನು ತಡೆಯಲಾಗದೆ ಹೋದ ಸರ್ಕಾರಕ್ಕೆ ಕ್ಷಮೆಯಿರಬಹುದು, ಸಾವಿನ ಎಣಿಕೆಯಲ್ಲಿ ಜಗ್ಗಾಡಿದ ಸರ್ಕಾರಕ್ಕೆ ಕ್ಷಮೆಯಿಲ್ಲ.

ಮಲಪ್ರಭಾ ದಂಡೆ

ಚಾಮರಾಜನಗರಕ್ಕೆ ನನ್ನ ಬಳಿ ಸಮರ್ಥನೆಯಿಲ್ಲ, ಹುಡುಕಲೂ ಹೋಗುವುದಿಲ್ಲ. ಆದರೆ ಅದೇ ಅಳತೆಯನ್ನು 2024ರ ನವೆಂಬರ್‌ನ ಬಳ್ಳಾರಿಗೂ ಹಿಡಿಯಬೇಕು. ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಸತ್ತರು. ಅವರ ರಕ್ತನಾಳಕ್ಕೆ ಹನಿಹನಿಯಾಗಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು, ಔಷಧ ನಿಯಂತ್ರಕರ ಅಮಾನತು ಆಯಿತು. ಅಲ್ಲಿ ಮಹಾಮಾರಿಯ ಒತ್ತಡವೂ ಇರಲಿಲ್ಲ.

ಹಳೆಯ ಕಡತ

ಎರಡೂ ದುರಂತಗಳನ್ನು ಎದುರುಬದುರು ನಿಲ್ಲಿಸಿ ತೂಗಿದರೆ ನಾನು ಆರಂಭದಲ್ಲಿ ಬೇಡವೆಂದ ಕ್ರಮಕ್ಕೇ ಮರಳುತ್ತೇವೆ. ಎರಡರಲ್ಲಿಯೂ ಸೋತದ್ದು ಪೂರೈಕೆಯ ವ್ಯವಸ್ಥೆ. ಒಂದರಲ್ಲಿ ಮೈಸೂರಿನಿಂದ ಚಾಮರಾಜನಗರಕ್ಕೆ ಸಿಲಿಂಡರು ಹೊತ್ತಿಗೆ ತಲುಪಲಿಲ್ಲ. ಇನ್ನೊಂದರಲ್ಲಿ ಸಂಶಯ ಹುಟ್ಟಿಸಿದ ದ್ರಾವಣ ಬಳಕೆಗೆ ಹೋಗದಂತೆ ತಡೆಯುವ ಕಾವಲು ಇರಲಿಲ್ಲ. ಔಷಧ ದಾಸ್ತಾನು ಸಂಸ್ಥೆಯನ್ನು ಸೊಸೈಟಿಯಿಂದ ನಿಗಮವನ್ನಾಗಿ ಬದಲಿಸಿದ್ದೇವೆ, ಆದರೂ ಖರೀದಿ, ಪರೀಕ್ಷೆ, ಹಂಚಿಕೆ ಈ ಮೂರನ್ನು ತಮಿಳುನಾಡಿನಂತೆ ಬಿಗಿಯಾಗಿ ಹೆಣೆಯಲು ಯಾವ ಪಕ್ಷವೂ ತನ್ನ ಐದು ವರ್ಷವನ್ನು ಮುಡಿಪಾಗಿಡಲಿಲ್ಲ. ಅದರಲ್ಲಿ ಉದ್ಘಾಟನೆಗೆ ಏನೂ ಇಲ್ಲವಲ್ಲ.

2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿನ, ಕಡಿಮೆ ಬೆಲೆಗೆ ಔಷಧ ಮಾರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಆದೇಶಿಸಿದ್ದನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ಸಿಗಬೇಕು ಎಂಬ ವಾದ ತತ್ತ್ವದಲ್ಲಿ ಸರಿ. ಕಪಾಟಿನಲ್ಲಿ ಉಚಿತ ಔಷಧ ಇಲ್ಲದ ದಿನ ಆವರಣದ ಕಡಿಮೆ ಬೆಲೆಯ ಅಂಗಡಿಯೂ ಇಲ್ಲದಿದ್ದರೆ ರೋಗಿ ಹೊರಗಿನ ದುಬಾರಿ ಅಂಗಡಿಗೆ ಹೋಗುತ್ತಾನೆ ಎಂಬುದು ವಾಸ್ತವ. ಜನೌಷಧಿಯನ್ನು 2008ರಲ್ಲಿ ಆರಂಭಿಸಿದ್ದು ಯುಪಿಎ ಸರ್ಕಾರ, ಬೆಳೆಸಿದ್ದು ಮೋದಿ ಸರ್ಕಾರ. ತಾನು ನೆಟ್ಟ ಗಿಡವನ್ನು ಎದುರಾಳಿ ನೀರೆರೆದ ಕಾರಣಕ್ಕೆ ಅನುಮಾನಿಸುವುದು ಆ ಪಕ್ಷಕ್ಕೆ ಶೋಭೆಯಲ್ಲ.

ಅಂಕಿಸಾಲು

ಹಣದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ರಾಜ್ಯಗಳು ತಮ್ಮ ಬಜೆಟ್‌ನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, ಹದಿನೈದನೇ ಹಣಕಾಸು ಆಯೋಗವೂ ಶೇ 8ರ ಮಾತನ್ನೇ ಹೇಳಿತು. ಕರ್ನಾಟಕದ ಯಾವ ಸರ್ಕಾರವೂ ಆ ಗೆರೆಯ ಹತ್ತಿರ ಹೋಗಿಲ್ಲ. ಕೇಂದ್ರದ ಪಾಲನ್ನೂ ನೋಡಬೇಕು: ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಶೇ 60ರಷ್ಟು ಕೇಂದ್ರ ಕೊಡುವುದು ರಾಜ್ಯದ ಸುಮಾರು 62 ಲಕ್ಷ ಕುಟುಂಬಗಳ ಲೆಕ್ಕಕ್ಕೆ ಮಾತ್ರ, ರಾಜ್ಯದ ಬಿಪಿಎಲ್ ಕುಟುಂಬಗಳು ಒಂದು ಕೋಟಿಗೂ ಹೆಚ್ಚು. ಮಿಕ್ಕವರ ಪೂರ್ಣ ಹೊರೆ ರಾಜ್ಯದ್ದೇ. ಕಾರ್ಡಿನ ಮೇಲೆ ಯಾರ ಭಾವಚಿತ್ರ ಇರಬೇಕು ಎಂಬ ಜಗಳ ನಡೆದಷ್ಟು ಈ ಅನುಪಾತದ ಬಗ್ಗೆ ಚರ್ಚೆ ನಡೆದಿಲ್ಲ.

2023ರ ಪ್ರಣಾಳಿಕೆಗಳಲ್ಲಿಯೂ ಇದೇ ಕಾಣುತ್ತದೆ. ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳಲ್ಲಿ ಒಂದೂ ನೇರವಾಗಿ ಆರೋಗ್ಯಕ್ಕೆ ಸಂಬಂಧಿಸಿದ್ದಲ್ಲ. ಬಿಜೆಪಿ ಪ್ರತಿ ವಾರ್ಡಿಗೂ ನಮ್ಮ ಕ್ಲಿನಿಕ್, ಹಿರಿಯರಿಗೆ ವಾರ್ಷಿಕ ತಪಾಸಣೆ ಎಂದು ಬರೆಯಿತು. ಆದರೆ ಪ್ರಚಾರದ ವೇದಿಕೆಗಳಲ್ಲಿ ಆ ಪುಟವನ್ನು ತೆರೆದವರನ್ನು ನಾನು ಕಾಣಲಿಲ್ಲ.

ಕಲ್ಯಾಣದ ಓದುಗಿ

ಈಗಿನ ಸರ್ಕಾರದ ಒಂದು ಕೆಲಸವನ್ನು ನ್ಯಾಯವಾಗಿ ಹೇಳಿಬಿಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಮದ್ದು ಅದು. ಹೃದಯಾಘಾತದಲ್ಲಿ ಮೊದಲ ಕೆಲವು ಗಂಟೆಗಳೇ ಎಲ್ಲವನ್ನೂ ನಿರ್ಧರಿಸುವುದರಿಂದ ನಮ್ಮಂತಹ ದೂರದ ಸೀಮೆಗೆ ಇದು ಯಾವ ಕಾರ್ಡಿಗಿಂತಲೂ ದೊಡ್ಡದು. ಮುಂದೆ ಯಾವ ಪಕ್ಷ ಬಂದರೂ, ಹೆಸರು ಬೇಕಾದರೆ ಬದಲಿಸಲಿ, ಆ ಮದ್ದನ್ನು ತಾಲ್ಲೂಕಿನ ಶೀತಪೆಟ್ಟಿಗೆಯಿಂದ ತೆಗೆಯದಿರಲಿ.

ತಾಲ್ಲೂಕಿನ ದಾದಿ

ಅಳತೆಗೋಲು ಯಾವುದು ಎಂದು ಮೊದಲು ಕೇಳಿದಿರಿ. ನನ್ನದನ್ನು ಹೇಳುತ್ತೇನೆ. ಪಕ್ಷದ ಕಚೇರಿಯಿಂದ ಕರಪತ್ರ ತಂದು ಹೋಲಿಸಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಬಗ್ಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಾಲ್ಕು ಸಂಗತಿ ಕೇಳಿ: 2013, 2018, 2023ರ ಮಾರ್ಚ್ ಕೊನೆಗೆ ಮತ್ತು ಈಗ ಹೆರಿಗೆ ತಜ್ಞ, ಮಕ್ಕಳ ತಜ್ಞ, ಅರಿವಳಿಕೆ ತಜ್ಞ ಹುದ್ದೆಗಳು ಎಷ್ಟು ಮಂಜೂರು, ಎಷ್ಟು ಭರ್ತಿ, ಆ ವರ್ಷಗಳಲ್ಲಿ ಅಲ್ಲಿಯೇ ಆದ ಸಿಸೇರಿಯನ್ ಎಷ್ಟು, ಬೇರೆ ಆಸ್ಪತ್ರೆಗೆ ಕಳಿಸಿದ ಹೆರಿಗೆಗಳು ಎಷ್ಟು, ರಕ್ತ ಸಂಗ್ರಹ ಘಟಕ ಎಷ್ಟು ದಿನ ನಡೆಯಿತು. ನಾಲ್ಕು ಕಾಲಘಟ್ಟ ಎಂದರೆ ಕಾಂಗ್ರೆಸ್, ಬಿಜೆಪಿ, ಮೈತ್ರಿ ಎಲ್ಲರ ಆಡಳಿತವೂ ಅದರೊಳಗೆ ಬರುತ್ತದೆ.

ಮಲಪ್ರಭಾ ದಂಡೆ

ನಮ್ಮ ತಾಲ್ಲೂಕಿನ ಅರ್ಜಿಯನ್ನು ಈ ವಾರವೇ ಹಾಕುತ್ತೇನೆ. ಉತ್ತರ ಬರಲು ಕಾನೂನಿನಲ್ಲಿ 30 ದಿನಗಳ ಅವಧಿಯಿದೆ. ಶರಾವತಿ ಕಣಿವೆಯವರು ತಮ್ಮ ತಾಲ್ಲೂಕಿನದನ್ನೂ ಅದೇ ನಮೂನೆಯಲ್ಲಿ ಕೇಳಿದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಡಬಹುದು. ಬಂದ ಸಂಖ್ಯೆ ನನ್ನ ಪಕ್ಷಕ್ಕೆ ಅನುಕೂಲವಾಗಿರಲಿ, ಇಲ್ಲದಿರಲಿ, ಒಂದನ್ನೂ ಬಿಡದೆ ತಂದಿಡುತ್ತೇನೆ.

ಶರಾವತಿ ಕಣಿವೆ

ನಾನೂ ಹಾಕುತ್ತೇನೆ. ದಾದಿಯವರ ನಾಲ್ಕು ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸುತ್ತಿದ್ದೇನೆ: ಭರ್ತಿಯಾದ ಹುದ್ದೆಗಳಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು.